ಅಡುಗೆಮನೆಯ ಇಂಟರ್‌ವ್ಯೂ

ನನಗೆ ಅಷ್ಟು ಸುಲಭದಲ್ಲಿ ಹೇಸಿಗೆಯಾಗುವುದಿಲ್ಲ. ಬಾಯಾರಿನ ಗುಡ್ಡಗಳ ಹೊಟ್ಟೆಯೊಳಗೆ ಬಾವಲಿಗಳ ಹಿಕ್ಕೆಯ ಮೇಲೆ ಮೊಣಕೈ ಊರಿ ತೆವಳಿದವಳು ನಾನು. ಸತ್ತ ಹೆಗ್ಗಣ ತೇಲುತ್ತಿದ್ದ ನೀರನ್ನು ಕೈಯಲ್ಲೇ ಸರಿಸಿ ಅಳತೆಪಟ್ಟಿ ಹಿಡಿದಿದ್ದೇನೆ, ಆಮೇಲೆ ಅದೇ ಕೈ ತೊಳೆದು ಬುತ್ತಿಯ ಅನ್ನ ಉಂಡಿದ್ದೇನೆ. ಆದರೆ ಆ ಭಾನುವಾರ ಮಧ್ಯಾಹ್ನ ನಮ್ಮ ಗೈಡ್ ಸುಕುಮಾರ ಸರ್ ಅವರ ಮನೆಯಲ್ಲಿ ಅಂಟಿಕೊಂಡ ಹೇಸಿಗೆ ಇನ್ನೂ ಬಿಟ್ಟಿಲ್ಲ. ಅಲ್ಲಿ ಕೊಳಕು ಎಂಬುದು ಹುಡುಕಿದರೂ ಇರಲಿಲ್ಲ. ಟೈಲ್ಸಿನಲ್ಲಿ ಮುಖ ಕಾಣುತ್ತಿತ್ತು.

ನಾನು ಶಿಬಿಲಾ. ಊರು ಉಪ್ಪಳ. ಉಪ್ಪ, ಅಂದರೆ ಅಪ್ಪ, ಕುಂಞಮ್ಮದ್ ಅವರಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ನಾನು ಪಯಸ್ವಿನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ನನ್ನ ವಿಷಯ ಸುರಂಗ. ಗುಡ್ಡದ ಬುಡದಿಂದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತ ಹೋಗಿ, ಒರತೆ ಸಿಕ್ಕಿದಲ್ಲಿ ನಿಲ್ಲಿಸಿ, ಆ ನೀರು ತನ್ನಷ್ಟಕ್ಕೆ ಹರಿದು ಹೊರಗಿನ ಹೊಂಡಕ್ಕೆ ಬೀಳುವಂತೆ ಮಾಡುವುದು ನಮ್ಮ ಕಡೆಯವರ ಹಳೆಯ ಉಪಾಯ. ಪಂಪು ಬೇಡ, ಕರೆಂಟು ಬೇಡ. ಬಾವಿಗಳೆಲ್ಲ ಬತ್ತಿ ತಳ ತೋರಿಸುವ ಮೇ ತಿಂಗಳಲ್ಲಿಯೂ ಕೆಲವು ಸುರಂಗಗಳಲ್ಲಿ ನೂಲಿನಷ್ಟಾದರೂ ನೀರು ಇಳಿಯುತ್ತಿರುತ್ತದೆ. ಯಾಕೆ ಇಳಿಯುತ್ತದೆ, ಅದೇ ಗುಡ್ಡದ ಇನ್ನೊಂದು ಸುರಂಗದಲ್ಲಿ ಯಾಕೆ ಇಳಿಯುವುದಿಲ್ಲ ಎಂಬುದು ನನ್ನ ಪ್ರಶ್ನೆ. ಅದಕ್ಕಾಗಿ ಬಾಯಾರು, ಪೈವಳಿಕೆ ಕಡೆಯ ಸುರಂಗಗಳನ್ನೆಲ್ಲ ಹೊಕ್ಕು, ಅಳೆದು, ನಕ್ಷೆ ಬರೆದೆ. ಬೇಸಿಗೆಯಲ್ಲಿ ಬೇರೆಯವರು ಊಟಿಗೆ ಹೋದರೆ ನಾನು ಗುಡ್ಡದೊಳಗೆ ಹೋಗುತ್ತಿದ್ದೆ.

ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ನಮ್ಮಂಥವರ ಬದುಕಿನ ಬಗ್ಗೆ ಚಂದ ಚಂದದ ಮಾತುಗಳಿದ್ದವು. ಮುಕ್ತ ಚರ್ಚೆಯಂತೆ, ಜಾಗತಿಕ ಅವಕಾಶವಂತೆ, ಹಸಿರು ಪರಿಸರವಂತೆ. ಹಸಿರು ಇದ್ದದ್ದು ನಿಜ, ಹಾಸ್ಟೆಲಿನ ನೀರಿನ ಟಾಂಕಿಯಲ್ಲಿ ಪಾಚಿಯೂ ಧಾರಾಳ ಹಸಿರಾಗಿತ್ತು. ಉಳಿದದ್ದನ್ನು ನಾವು ಅನುಭವಿಸಿ ತಿಳಿದುಕೊಂಡೆವು. ಗಂಡು ಸ್ಕಾಲರ್ ಆದರೆ ಗೈಡಿನ ಕಾರು ಓಡಿಸಬೇಕು, ಅತಿಥಿಗಳನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರಬೇಕು. ದಾರಿಯಲ್ಲಿ ನಾಲ್ಕು ಮಾತಾಡಿ ಪರಿಚಯ ಬೆಳೆಸಿಕೊಂಡರೆ ಅದು ಅವನ ಲಾಭ. ಹೆಣ್ಣು ಸ್ಕಾಲರ್ ಆದರೆ ಸೆಮಿನಾರಿನ ದಿನ ಬಾಗಿಲಲ್ಲಿ ಹೂವಿನ ತಟ್ಟೆ ಹಿಡಿದು ನಗುತ್ತಾ ನಿಲ್ಲಬೇಕು. ನಾನು ತಲೆಗೆ ಶಾಲು ಸುತ್ತಿಕೊಳ್ಳುವವಳಾದ್ದರಿಂದ ನನ್ನನ್ನು ಯಾವಾಗಲೂ ಫೋಟೋದಲ್ಲಿ ಬೀಳುವ ಜಾಗದಲ್ಲೇ ನಿಲ್ಲಿಸುತ್ತಿದ್ದರು, ನಮ್ಮಲ್ಲಿ ಎಲ್ಲ ಥರದವರೂ ಇದ್ದಾರೆ ಎಂದು ತೋರಿಸಲಿಕ್ಕೆ. ನಾನು ಬಾಯಿಬಿಟ್ಟರೆ ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ಸುಕುಮಾರ ಸರ್ ಹತ್ತಿರ ನಾವು ಮೂವರು ಇದ್ದೆವು. ನಾನು, ಬದಿಯಡ್ಕದ ಅಶ್ಮಿತಾ, ಮತ್ತು ಜಿತೇಂದ್ರ. ಅಶ್ಮಿತಾ ತೋಟಗಳ ಮಣ್ಣಿನ ತೇವದ ಮೇಲೆ ಕೆಲಸ ಮಾಡುತ್ತಿದ್ದಳು, ಪಾಪದ ಹುಡುಗಿ, ಯಾರಿಗೂ ಎದುರು ಮಾತಾಡುವವಳಲ್ಲ. ಜಿತೇಂದ್ರ ಹಳೆಯ ಮಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಗೆರೆ ಎಳೆಯುತ್ತಿದ್ದ. ಅವನನ್ನು ಒಮ್ಮೆ ಬಾಯಾರಿಗೆ ಕರೆದುಕೊಂಡು ಹೋಗಿದ್ದೆ. ಸುರಂಗದ ಬಾಯಿಯಲ್ಲೇ ಮೂಗು ಮುಚ್ಚಿಕೊಂಡು ನಿಂತ, ಉಸಿರು ಕಟ್ಟುತ್ತದೆ ಎಂದ, ಹೊರಗೆ ಬಂಡೆಯ ಮೇಲೆ ಕುಳಿತು ಮೊಬೈಲ್ ನೋಡಿದ. ಕೆಟ್ಟವನೇನಲ್ಲ. ಹುಟ್ಟಿದಂದಿನಿಂದ ಊಟದ ತಟ್ಟೆ ತಾನಾಗಿ ಎದುರಿಗೆ ಬಂದು ಅಭ್ಯಾಸವಾದವನು, ಅಷ್ಟೇ. ನನ್ನ ಸುರಂಗದ ಲೇಖನ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾದಾಗ ಸರ್ ಹೆಸರು ಮೊದಲು ಬಂತು, ಮಳೆಯ ಅಂಕಿ ಕೊಟ್ಟದ್ದಕ್ಕೆ ಜಿತೇಂದ್ರನದ್ದು ಆಮೇಲೆ, ನನ್ನದು ಕೊನೆಗೆ. ಆಗಲೇ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಆ ಲೇಖನವನ್ನು ಸ್ಪೇನಿನ ಮಾರ್ತಾ ಎಂಬ ಪ್ರೊಫೆಸರ್ ಓದಿದರು. ಅವರ ದೇಶದಲ್ಲಿಯೂ ನೀರಿನ ಹಳೆಯ ಸುರಂಗಗಳುಂಟಂತೆ. ಇಲ್ಲಿಯದ್ದನ್ನು ನೋಡಲಿಕ್ಕೆ ಬರುತ್ತೇನೆ, ನಿಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ನಮ್ಮ ಸಂಸ್ಥೆಯಲ್ಲಿ ಒಂದು ವರ್ಷ ಕೆಲಸ ಮಾಡುವ ಅವಕಾಶ ಕೊಡುತ್ತೇವೆ ಎಂದು ಬರೆದರು. ಒಂದೇ ಸೀಟು. ನನಗದು ಎಷ್ಟು ಬೇಕಿತ್ತೆಂದರೆ ಬಾಯಿ ಬಿಟ್ಟು ಹೇಳಲಿಕ್ಕೇ ಹೆದರಿಕೆ. ಗುಡ್ಡದೊಳಗೆ ಇಳಿದ ಮಳೆ ಎಷ್ಟು ಕಾಲದ ಮೇಲೆ ಹೊರಗೆ ಬರುತ್ತದೆ ಎಂದು ನೀರಿನಿಂದಲೇ ಕಂಡುಹಿಡಿಯುವ ಯಂತ್ರ ಅವರಲ್ಲಿತ್ತು. ನಮ್ಮಲ್ಲಿ ಇದ್ದದ್ದು ಒಂದು ಬಕೆಟು ಮತ್ತು ನನ್ನ ಮೊಣಕೈ. ಅಲ್ಲಿಗೆ ಹೋದರೆ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತದೆ, ಹೋಗದಿದ್ದರೆ ಅದು ಪ್ರಶ್ನೆಯಾಗಿಯೇ ಉಳಿಯುತ್ತದೆ. ಲೇಖನ ನನ್ನದು, ಸುರಂಗ ನನ್ನದು, ಇನ್ನು ಸೀಟು ಬೇರೆ ಯಾರದ್ದಾಗಲಿಕ್ಕೆ ಸಾಧ್ಯ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಶುಕ್ರವಾರ ಸರ್ ನಮ್ಮನ್ನು ಕರೆದರು. “ಭಾನುವಾರ ಮಾರ್ತಾ ಮೇಡಂ ನಮ್ಮ ಮನೆಗೆ ಊಟಕ್ಕೆ ಬರ್ತಾರೆ. ನೀವು ಮೂವರೂ ಬನ್ನಿ. ಇಂಟರ್‌ವ್ಯೂ ಅಂತ ದೊಡ್ಡ ಹೆಸರೆಲ್ಲ ಬೇಡ, ಅಲ್ಲೇ ಕೂತು ಮಾತಾಡುವ. ಯಾರು ಹೋಗುವುದು ಅಂತ ಅಲ್ಲೇ ತೀರ್ಮಾನ ಆಗ್ತದೆ.” ಹೀಗೆ ಹೇಳಿ, ನಾವು ಹೊರಡುವಾಗ ಏನೋ ನೆನಪಾದವರಂತೆ ನನ್ನನ್ನೂ ಅಶ್ಮಿತಾಳನ್ನೂ ನಿಲ್ಲಿಸಿ, ಮನೆಯಿಂದ ಏನಾದರೂ ಮಾಡಿಸಿಕೊಂಡು ಬನ್ನಿ, ಮೇಡಮ್ಮಿಗೆ ನಮ್ಮ ಊರಿನ ರುಚಿ ತೋರಿಸುವ ಎಂದರು. ಜಿತೇಂದ್ರನಿಗೆ ಏನೂ ಹೇಳಲಿಲ್ಲ. ನಮಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಗಂಡಸಿನ ಹತ್ತಿರ ಯಾರಾದರೂ ಪಲ್ಯ ಮಾಡಿ ತಾ ಎನ್ನುತ್ತಾರೆಯೇ?

ಉಮ್ಮನಿಗೆ ಹೇಳಿದ್ದೇ ತಡ, ಮನೆಯಲ್ಲಿ ಮದುವೆಯ ಗಡಿಬಿಡಿ. ಮೇಷ್ಟ್ರ ಮನೆಗೆ ಬರಿಗೈಯಲ್ಲಿ ಹೋಗುವುದುಂಟಾ ಎಂದು ಕೇಳಿದರು. ನಮ್ಮ ಉಮ್ಮ ಪಾತುಮ್ಮ ಮಾಡುವ ನೈಪತ್ತಿರ್ ಅಂದರೆ ಉಪ್ಪಳದಲ್ಲಿ ಹೆಸರಿದೆ. ಅಕ್ಕಿಯನ್ನು ತೆಂಗಿನಕಾಯಿ, ಈರುಳ್ಳಿ, ಜೀರಿಗೆ ಹಾಕಿ ಗಟ್ಟಿಯಾಗಿ ರುಬ್ಬಿ, ತಟ್ಟಿ, ಎಣ್ಣೆಗೆ ಬಿಟ್ಟರೆ ಪೂರಿಯ ಹಾಗೆ ಉಬ್ಬಿ ಬರುತ್ತದೆ. ಅದು ಬಿಸಿ ಇರುವಾಗಲೇ ತಿನ್ನಬೇಕು, ಆದ್ದರಿಂದ ಹಿಟ್ಟು ಕಟ್ಟಿಕೊಡುತ್ತೇನೆ, ಅಲ್ಲೇ ಕರಿದು ಕೊಡು ಎಂದರು. ಜೊತೆಗೆ ಹುರಿದ ತೆಂಗಿನಕಾಯಿ ಹಾಕಿದ ಕೋಳಿಸಾರು. ನೆರೆಕರೆಗೆಲ್ಲ ಸುದ್ದಿ ಮುಟ್ಟಿತು, ಶಿಬಿಲಾ ಸ್ಪೇನಿಗೆ ಹೋಗುತ್ತಾಳಂತೆ. ಭಾನುವಾರ ಬೆಳಿಗ್ಗೆ ನಾನು ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಎರಡು ಕೈಯಲ್ಲಿ ಎರಡು ಪಾತ್ರೆ ಹಿಡಿದು, ಬಸ್ಸು ಬದಲಾಯಿಸಿ ಬದಿಯಡ್ಕದಲ್ಲಿರುವ ಸರ್ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಸಾರು ಚೆಲ್ಲದ ಹಾಗೆ ನೋಡಿಕೊಳ್ಳುವುದರಲ್ಲಿ ಅರ್ಧ ಮರೆತುಹೋಗುತ್ತಿತ್ತು.

ಸರ್ ಮನೆಯ ಗೇಟಿನಲ್ಲಿ ಅಶ್ಮಿತಾ ನಿಂತಿದ್ದಳು. ಅವಳ ಕೈಯಲ್ಲಿ ಕೋರಿರೊಟ್ಟಿಯ ಕಟ್ಟು, ಕೋಳಿ ಪದಾರ್ಥದ ಡಬರಿ. ಎದುರಿನ ಜಗಲಿಯಲ್ಲಿ, ಅವರ ಸಿಟೌಟಿನಲ್ಲಿ, ಸರ್, ಪಕ್ಕದಲ್ಲಿ ಬಿಳಿ ಕೂದಲಿನ, ಬಿಸಿಲಿಗೆ ಕೆಂಪಾದ ಮಾರ್ತಾ ಮೇಡಂ. ಇಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಸರ್ ಮೇಲೆ ಬರುವಷ್ಟೇ ಸಿಟ್ಟು ನಮ್ಮ ಮೇಲೆಯೂ ಬರುತ್ತದೆ. ಯಾರೂ ನಮಗೆ ಹಿಂದಿನಿಂದ ಬನ್ನಿ ಎನ್ನಲಿಲ್ಲ. ಯಾರೂ ಏನೂ ಹೇಳಲಿಲ್ಲ. ಆದರೆ ಕೈಯಲ್ಲಿ ಪಾತ್ರೆಯಿರುವ ಹೆಂಗಸು ನಮ್ಮ ಕಡೆ ಎದುರು ಬಾಗಿಲಿನಿಂದ ಹೋಗುವುದಿಲ್ಲ, ಮಾಪಿಳ್ಳೆಯರ ಮನೆಯಾದರೂ ಅಷ್ಟೇ, ತುಳುವರ ಮನೆಯಾದರೂ ಅಷ್ಟೇ. ನಮ್ಮ ಕಾಲುಗಳು ತಾವಾಗಿಯೇ ಮನೆಗೆ ಸುತ್ತು ಹಾಕಿ, ಬಟ್ಟೆ ಒಗೆಯುವ ಕಲ್ಲು ದಾಟಿ, ಅಡುಗೆಮನೆಯ ಹಿಂದಿನ ವರ್ಕ್ ಏರಿಯಾಕ್ಕೆ ಹೋದವು. ಅಷ್ಟರಲ್ಲಿ ಜಿತೇಂದ್ರ ಬೈಕಿನಲ್ಲಿ ಬಂದ. ಅವನ ಕೈಯಲ್ಲಿ ಹೆಲ್ಮೆಟ್ ಬಿಟ್ಟರೆ ಏನೂ ಇರಲಿಲ್ಲ. ಶೂ ಕಳಚಿ, ಸಿಟೌಟ್ ಹತ್ತಿ, ಕುರ್ಚಿಯಲ್ಲಿ ಕುಳಿತ.

ಒಳಗೆ ಸರ್ ಅವರ ಹೆಂಡತಿ ಪಂಕಜಾಕ್ಷಿ ಒಬ್ಬರೇ ಇದ್ದರು. ನಾವು ಪಂಕಜಕ್ಕ ಎನ್ನುತ್ತಿದ್ದೆವು. ಎಂ.ಎಸ್ಸಿ.ಯಲ್ಲಿ ರ‍್ಯಾಂಕ್ ಬಂದವರು, ಪಿಎಚ್‌ಡಿಗೆ ಸೇರಿ ಮದುವೆಯಾದ ಮೇಲೆ ಬಿಟ್ಟವರು ಎಂದು ಡಿಪಾರ್ಟ್‌ಮೆಂಟಿನಲ್ಲಿ ಹೇಳುತ್ತಿದ್ದರು. ನಮ್ಮನ್ನು ಕಂಡು ಖುಷಿಪಟ್ಟರು. ಬಾಣಲೆ ಇಟ್ಟುಕೊಟ್ಟರು, ಎಣ್ಣೆ ಸುರಿದರು. ಅಡುಗೆಮನೆಗೆ ಹೋದ ಮೇಲೆ ಅಲ್ಲಿರುವ ಹೆಂಗಸಿಗೆ ಕೈಗೂಡಿಸದೆ ಈಚೆ ಬರಲಿಕ್ಕೆ ನಮಗೆ ಯಾರೂ ಕಲಿಸಿಲ್ಲ. ನಾಲ್ಕು ಪತ್ತಿರ್ ಕರಿದು ಕೊಟ್ಟು ಆಚೆ ಹೋಗಿ ಕೂತರಾಯಿತು ಎಂದುಕೊಂಡೆ. ನಾಲ್ಕು ಹೋಗುತ್ತಲೇ ಸರ್ ಧ್ವನಿ ಬಂತು, ಬಹಳ ರುಚಿಯಾಗಿದೆಯಂತೆ, ಇನ್ನೂ ಬರಲಿ. ಇನ್ನೂ ಹೋಯಿತು. ಆಮೇಲೆ ಪಂಕಜಕ್ಕ ಕಾಯಿ ತುರಿಯುವಿಯಾ ಎಂದರು. ಅಶ್ಮಿತಾಳಿಗೆ ಪಾಯಸ ತಳ ಹಿಡಿಯದ ಹಾಗೆ ಕದಡುವ ಕೆಲಸ ಸಿಕ್ಕಿತು.

ಥೂ, ಹೇಳಲಿಕ್ಕೆ ನಾಚಿಕೆ. ನಾವಿಬ್ಬರೂ ಅಲ್ಲಿ ಸ್ಪರ್ಧೆಗೆ ಇಳಿದಿದ್ದೆವು. ಅವಳ ರೊಟ್ಟಿ ಮೊದಲು ಮೇಜಿಗೆ ಹೋಗಬಾರದು ಎಂದು ನಾನು ಒಲೆಯ ಉರಿ ದೊಡ್ಡದು ಮಾಡಿದೆ. ಅವಳು ನನ್ನ ಸಾರಿನ ಪಾತ್ರೆಯನ್ನು ಮೆಲ್ಲ ಹಿಂದೆ ತಳ್ಳಿ ತನ್ನದನ್ನು ಮುಂದೆ ತಂದಳು. ಮೇಡಂ ಏನು ಹೇಳಿದರು, ಯಾವುದನ್ನು ಮೊದಲು ತಿಂದರು ಎಂದು ಬಡಿಸಿ ಬರುವ ಪಂಕಜಕ್ಕನನ್ನು ಇಬ್ಬರೂ ಕೇಳುತ್ತಿದ್ದೆವು. ವರ್ಷಗಟ್ಟಲೆ ಮಣ್ಣು ಅಳೆದವಳು, ನೀರು ಅಳೆದವಳು, ಇಬ್ಬರೂ ಬೆವರು ಒರೆಸಿಕೊಳ್ಳುತ್ತ ಕೋಳಿಯ ತುಂಡಿನಲ್ಲಿ ಸ್ಪೇನನ್ನು ನೋಡುತ್ತಿದ್ದೆವು. ನನ್ನ ಲ್ಯಾಪ್‌ಟಾಪ್ ಚೀಲ ಅಕ್ಕಿಡಬ್ಬದ ಮೇಲೆ ಬಿದ್ದುಕೊಂಡಿತ್ತು.

ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಸಣ್ಣ ಓಣಿ, ಪರದೆ. ಮಾತು ಚೆನ್ನಾಗಿಯೇ ಕೇಳುತ್ತಿತ್ತು. ಒಮ್ಮೆ ಎಣ್ಣೆಯ ಸದ್ದು ಕಮ್ಮಿಯಾದಾಗ ಮಾರ್ತಾ ಮೇಡಂ ಕೇಳಿದ್ದು ಕಿವಿಗೆ ಬಿತ್ತು. ಮೂವರು ವಿದ್ಯಾರ್ಥಿಗಳಿದ್ದಾರೆ ಎಂದಿದ್ದಿರಲ್ಲ, ಉಳಿದಿಬ್ಬರು ಎಲ್ಲಿ, ಅವರೊಂದಿಗೆ ಮಾತಾಡುವುದು ಯಾವಾಗ? ಕೈ ತೊಳೆಯಲಿಕ್ಕೆ ನಲ್ಲಿಯ ಕಡೆಗೆ ತಿರುಗಿದೆ. ಆಗ ಸರ್ ಹೇಳಿದರು, ನಮ್ಮ ಪ್ರದೇಶದಲ್ಲಿ ಒಂದು ಸಂಪ್ರದಾಯವಿದೆ ಮೇಡಂ, ಅತಿಥಿಯ ಊಟ ಮುಗಿಯುವವರೆಗೆ ಹೆಣ್ಣುಮಕ್ಕಳು ಎದುರಿಗೆ ಬರುವುದಿಲ್ಲ, ಅದು ಅವರು ನಿಮಗೆ ತೋರಿಸುವ ಗೌರವ. ಇಬ್ಬರೂ ಬಹಳ ನಾಚಿಕೆಯ ಹುಡುಗಿಯರು, ಬಂದರೂ ಹೆಚ್ಚು ಮಾತಾಡಲಾರರು. ಎಲ್ಲ ವಿಷಯ ಜಿತೇಂದ್ರನಿಗೆ ಗೊತ್ತಿದೆ, ನೀವು ಅವನನ್ನೇ ಕೇಳಬಹುದು.

ಎಂಥ ಸಂಪ್ರದಾಯ! ನನ್ನ ಅಜ್ಜಿ ಉಪ್ಪಳ ಪೇಟೆಯಲ್ಲಿ ಮೀನಿನ ಬೆಲೆಗೆ ಗಂಡಸರೊಂದಿಗೆ ಜಗಳವಾಡಿ ಬರುತ್ತಿದ್ದವರು. ಅಶ್ಮಿತಾಳ ಮನೆಯಲ್ಲಿ ಆಸ್ತಿಯ ಪಾಲು ಬರುವುದೇ ಹೆಂಗಸರ ಕಡೆಯಿಂದ. ಇಲ್ಲದ ಸಂಪ್ರದಾಯವನ್ನು ಕೋಳಿಸಾರು ಚಪ್ಪರಿಸುತ್ತ ಹುಟ್ಟಿಸಿದ್ದ ಮನುಷ್ಯ. ಅದೂ ಸಾರು ನಮ್ಮದೇ. ಆ ವಿದೇಶದವರು ಅದನ್ನು ಕೇಳಿ ಅಯ್ಯೋ ಎನ್ನುವುದು ಬಿಟ್ಟು, ಹೌದಾ, ಎಷ್ಟು ಸ್ವಾರಸ್ಯ ಎಂದರು. ಬರೆದುಕೊಂಡರೋ ಏನೋ. ಜಿತೇಂದ್ರ ಒಂದು ಮಾತು, ಹಾಗಲ್ಲ ಮೇಡಂ ಎಂದು ಒಂದೇ ಒಂದು ಮಾತು ಹೇಳಬಹುದಿತ್ತು. ಅವನು ಶುರು ಮಾಡಿದ್ದು ಬೇರೆ. ನಾವು ಒಳಗೆ ಹೋದಾಗ ಬಾವಲಿಗಳು ಮುಖಕ್ಕೆ ಹಾರುತ್ತಿದ್ದವು, ನಾವು ಹೊಟ್ಟೆ ಮೇಲೆ ತೆವಳಬೇಕಾಯಿತು, ನಾವು ಬಕೆಟಿನಲ್ಲಿ ನೀರು ಹಿಡಿದು ಅಳೆದೆವು. ನಾವಂತೆ! ಬಾವಲಿಯ ವಾಸನೆ ಎಷ್ಟೋ ವಾಸಿ.

ನಾನು ಏನಾದರೂ ಮಾಡುವ ಮೊದಲೇ ಪರದೆ ಸರಿಸಿ ಜಿತೇಂದ್ರನೇ ಬಂದ. ಮುಖದಲ್ಲಿ ಅಳುಕೇ ಇಲ್ಲ. “ಮಾರಾಯ್ತಿ, ಪತ್ತಿರ್ ಫಸ್ಟ್ ಕ್ಲಾಸ್ ಆಗಿದೆ. ಆ ಬಾಯಾರಿನ ನಕ್ಷೆಗಳು ನಿನ್ನ ಮೊಬೈಲಲ್ಲಿ ಉಂಟಲ್ಲ, ನಂಗೆ ಒಮ್ಮೆ ಕಳಿಸು. ಮೇಡಂ ನೋಡ್ಬೇಕಂತೆ.”

ನನ್ನ ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ನಾನು ಅವನ ಮುಖವನ್ನೇ ನೋಡಿದೆ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಉಪ್ಪು ಕೊಡು ಎಂದಷ್ಟೇ ಸಲೀಸಾಗಿ ಕೇಳಿದ್ದ. ಕೈ ತೊಳೆದು ನಾನೇ ತರುತ್ತೇನೆ ಎಂದೆ. ಅದು ಬೇಡ, ಸರ್ ಏನಾದರೂ ಅಂದುಕೊಳ್ಳುತ್ತಾರೆ, ಸುಮ್ಮನೆ ಕಳಿಸು ಎಂದ. ಅಶ್ಮಿತಾ ನನ್ನ ತೋಳು ಹಿಡಿದುಕೊಂಡಳು. ಕಳಿಸಿಬಿಡು, ಗಲಾಟೆ ಮಾಡಬೇಡ, ನಮ್ಮಿಬ್ಬರ ಪ್ರಬಂಧವೂ ಸರ್ ಕೈಯಲ್ಲೇ ಇದೆ ಎಂದು ಪಿಸುಗುಟ್ಟಿದಳು. ಅವಳ ಕೈ ಬಿಡಿಸಿದೆ. ಶಾಲಿಗೇ ಕೈ ಒರೆಸಿ, ಲ್ಯಾಪ್‌ಟಾಪ್ ಚೀಲ ಎತ್ತಿಕೊಂಡು, ಪರದೆ ಸರಿಸಿ ಹೋದೆ.

ಊಟದ ಮೇಜಿನಲ್ಲಿ ಖಾಲಿ ಕುರ್ಚಿಗಳು ಬೇಕಾದಷ್ಟಿದ್ದವು. ಒಂದನ್ನು ಎಳೆದು ಮಾರ್ತಾ ಮೇಡಂ ಪಕ್ಕದಲ್ಲೇ ಕೂತೆ. ಪತ್ತಿರಿನ ತಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆದೆ. ನಾನು ಶಿಬಿಲಾ, ನೀವು ಓದಿದ ಲೇಖನದ ಸುರಂಗಗಳನ್ನು ಅಳೆದವಳು ನಾನು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಕಣ್ಣರಳಿಸಿದರು, ಕನ್ನಡಕ ಹುಡುಕಿದರು. ಮೊದಲನೆಯ ನಕ್ಷೆ ನೋಡಿ, ಈ ತಿರುವು ಯಾಕೆ ಎಂದು ಬೆರಳಿಟ್ಟು ಕೇಳಿದರು. ಅಲ್ಲಿ ಗಟ್ಟಿ ಬಂಡೆ ಅಡ್ಡ ಬಂದಿದೆ, ಅಗೆದವರು ಒರತೆಯ ಕಡೆಗೆ ಸುತ್ತು ಹಾಕಿದ್ದಾರೆ ಎಂದು ವಿವರಿಸಲಿಕ್ಕೆ ಶುರು ಮಾಡಿದೆ. ಬಸ್ಸಿನಲ್ಲಿ ಮರೆತದ್ದೆಲ್ಲ ನೆನಪಾಗುತ್ತಿತ್ತು.

ಸರ್ ನಗುತ್ತಲೇ ಇದ್ದರು. ಆ ನಗುವನ್ನು ಹಾಗೆಯೇ ಇಟ್ಟುಕೊಂಡು, ಇನ್ನೊಂದು ತುಂಡು ಬೇಕೇ ಎಂದು ವಿಚಾರಿಸುವ ದನಿಯಲ್ಲಿ, ಮೇಡಮ್ಮಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಹೇಳಿದರು. “ಶಿಬಿಲಾ, ಈಗ ಸುಮ್ಮನೆ ಎದ್ದು ಒಳಗೆ ಹೋಗು. ನಿನ್ನ ಪ್ರಬಂಧಕ್ಕೆ ನನ್ನ ಸಹಿ ಬೇಕಾ, ಬೇಡವಾ?”

ಎಷ್ಟು ಸಿಹಿಯಾಗಿ ಹೇಳಿದರೆಂದರೆ, ಗೊತ್ತಿಲ್ಲದವರು ಆಶೀರ್ವಾದ ಮಾಡಿದರು ಎಂದುಕೊಳ್ಳಬೇಕು. ನನ್ನದೇ ಭಾಷೆಯಲ್ಲಿ, ನನ್ನ ಕುತ್ತಿಗೆಗೆ. ಉಮ್ಮನ ಸಾರು ಇನ್ನೂ ಅವರ ಗಡ್ಡಕ್ಕೆ ಅಂಟಿತ್ತು. ನಾನು ಅವರ ಕಡೆಗೆ ನೋಡಲೇ ಇಲ್ಲ. ಮೇಡಂ ಕಡೆಗೆ ತಿರುಗಿ, ಒಂದೊಂದೇ ಶಬ್ದವನ್ನು ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದೆ.

“ಮೇಡಂ, ನಿಮಗೆ ಕನ್ನಡ ಬರುವುದಿಲ್ಲ, ಅದಕ್ಕೆ ಹೇಳುತ್ತೇನೆ. ಸರ್ ನನ್ನನ್ನು ಸುಮ್ಮನೆ ಎದ್ದು ಒಳಗೆ ಹೋಗು ಅನ್ನುತ್ತಿದ್ದಾರೆ. ಹೋಗದಿದ್ದರೆ ನನ್ನ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲವಂತೆ. ಅತಿಥಿಯ ಎದುರಿಗೆ ಬರಬಾರದು ಎಂಬ ಸಂಪ್ರದಾಯ ನಮ್ಮಲ್ಲಿ ಯಾರಿಗೂ ಇಲ್ಲ. ನಾನು ಆ ಸೀಟಿಗಾಗಿ ಬಂದವಳು, ಕರಿಯಲಿಕ್ಕೆ ಬಂದವಳಲ್ಲ.”

ಸರ್ ಮೊದಲು ಕೆಂಪಾದರು, ಆಮೇಲೆ ದೊಡ್ಡದಾಗಿ ನಕ್ಕರು. ನಮ್ಮ ಶಿಬಿಲಾ ತಮಾಷೆಯವಳು, ಯಾವಾಗಲೂ ಹೀಗೆಯೇ ಎಂದರು. ಮೇಡಂ ಜಿತೇಂದ್ರನ ಮುಖ ನೋಡಿದರು. ತಮಾಷೆ ಮೇಡಂ ಎಂದ ಅವನು, ತಟ್ಟೆಗೆ ಹೇಳುವವನಂತೆ. ಪರದೆಯ ಹತ್ತಿರ ಅಶ್ಮಿತಾಳೂ ಪಂಕಜಕ್ಕನೂ ಬಂದು ನಿಂತಿದ್ದರು. ಅಶ್ಮಿತಾ ನೆಲ ನೋಡಿದಳು. ಕೊನೆಗೆ ಮೇಡಂ ಪಂಕಜಕ್ಕನನ್ನು ನೇರವಾಗಿ ಕೇಳಿದರು, ನಿಮ್ಮ ಗಂಡ ಹಾಗೆ ಹೇಳಿದರೇ? ಹೆಂಗಸು ಹೆಂಗಸನ್ನು ಕೇಳಿದ ಪ್ರಶ್ನೆ. ಎಲ್ಲವನ್ನೂ ಕೇಳಿಸಿಕೊಂಡ ಪಂಕಜಕ್ಕ, ರ‍್ಯಾಂಕ್ ಬಂದ ಪಂಕಜಕ್ಕ, ನನಗಿಂತ ಎಷ್ಟೋ ಚೆನ್ನಾದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಇವಳು ಬಹಳ ತುಂಟಿ ಮೇಡಂ, ಮನೆಮಗಳ ಹಾಗೆ. ಪಾಯಸ ತರಲೇ?

ಮಾರ್ತಾ ಮೇಡಂ ಕನ್ನಡಕ ತೆಗೆದರು. ಅವರಿಗೆ ಗೊತ್ತಾಗಿತ್ತು. ಖಂಡಿತ ಗೊತ್ತಾಗಿತ್ತು, ಅವರ ಕಣ್ಣೇ ಹೇಳುತ್ತಿತ್ತು. ನನ್ನ ಕೈಯ ಮೇಲೆ ಕೈಯಿಟ್ಟು, ನಿನ್ನ ನಕ್ಷೆಗಳು ತುಂಬ ಚೆನ್ನಾಗಿವೆ, ಆದರೆ ನಾನು ಇಲ್ಲಿ ಅತಿಥಿ, ಯಾರ ಹೆಸರು ಕಳಿಸಬೇಕೆಂಬುದು ನಿಮ್ಮ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು, ಅದರಲ್ಲಿ ನಾನು ತಲೆಹಾಕುವುದು ಸರಿಯಲ್ಲ ಎಂದರು. ಆಮೇಲೆ ಪಾಯಸಕ್ಕೆ ಕೈಚಾಚಿದರು. ಗೋಡಂಬಿ ಹೆಕ್ಕಿ ಹೆಕ್ಕಿ ತಿಂದರು. ಒಳ್ಳೆಯತನ ಎಂದರೆ ಇಷ್ಟೇ ಎಂದಾದರೆ ಅದಕ್ಕೂ ಒಂದು ನಮಸ್ಕಾರ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಪಾತ್ರೆ ತೆಗೆದುಕೊಳ್ಳಲಿಕ್ಕೆ ಅಡುಗೆಮನೆಗೆ ಹೋದಾಗ ಪಂಕಜಕ್ಕ ಅವುಗಳನ್ನು ತೊಳೆದು ಒರೆಸಿ ಇಟ್ಟಿದ್ದರು. ನಾನು ಮುಖ ತಿರುಗಿಸಿದೆ. ಅವರು ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು. “ನೀನು ಬಸ್ಸು ಹತ್ತಿ ಹೋಗ್ತಿ, ಶಿಬಿಲಾ. ನಾನು ಇಲ್ಲೇ ಇರ್ಬೇಕಲ್ಲ.” ಅದನ್ನು ಕೇಳಿ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಮೇಲಿಂದ ಸಂಕಟವೂ ಸೇರಿಕೊಂಡಿತು. ಬಸ್ಸಿನಲ್ಲಿ ಬೆರಳು ಮೂಸಿ ನೋಡಿದರೆ ಎಣ್ಣೆಯ ವಾಸನೆ. ಮನೆಗೆ ಬಂದು ಸಾಬೂನು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಮುಂದಿನದ್ದು ನೀವೇ ಊಹಿಸಬಹುದು. ಸರ್ ಜಿತೇಂದ್ರನ ಹೆಸರು ಕಳಿಸಿದರು, ಅವನು ಹೋದ. ವಿಭಾಗದಲ್ಲಿ ಅವನಿಗೆ ಬೀಳ್ಕೊಡುಗೆ, ಕೇಕು. ಅಶ್ಮಿತಾ ತಟ್ಟೆ ಹಿಡಿದಳು. ನಾನು ಗೈಡ್ ಬದಲಾಯಿಸಿ ಕೊಡಿ ಎಂದು ಅರ್ಜಿ ಹಾಕಿದೆ. ಪ್ರತಿಯೊಬ್ಬ ಮೇಷ್ಟ್ರೂ ಬಾಗಿಲು ಹಾಕಿಕೊಂಡು ನನ್ನ ಪರವಾಗಿ ಮರುಗಿದರು, ಬಾಗಿಲು ತೆರೆದ ಮೇಲೆ ಸುಕುಮಾರ ಸರ್ ಜೊತೆ ಚಹಾ ಕುಡಿದರು. ದುಡುಕಿದೆ, ವಿದೇಶದವರ ಎದುರಿಗೆ ನಮ್ಮವರ ಮಾನ ಕಳೆದೆ ಎಂದು ಬುದ್ಧಿ ಹೇಳಿದವರೇ ಹೆಚ್ಚು. ಕಡೆಗೆ ನಿವೃತ್ತಿಗೆ ಹತ್ತಿರವಾದ ಭೂವಿಜ್ಞಾನದ ಹೊನ್ನಯ್ಯ ಸರ್, ತನಗೆ ಇನ್ನು ಕಳೆದುಕೊಳ್ಳುವಂಥದ್ದು ಏನೂ ಇಲ್ಲವೆಂದು ನಕ್ಕು, ಒಪ್ಪಿಕೊಂಡರು. ನಾನು ಮತ್ತೆ ಬಕೆಟು ಹಿಡಿದು ಬಾಯಾರಿಗೆ ಹೋದೆ. ಉಮ್ಮ ಮಾತ್ರ ನೆರೆಯವರು ಕೇಳಿದಾಗಲೆಲ್ಲ, ವೀಸಾ ತಡವಾಗುತ್ತಿದೆ ಎನ್ನುತ್ತಿದ್ದರು.

ಮೊನ್ನೆ ಸುರಂಗದಿಂದ ಹೊರಗೆ ಬಂದು ಕೆಸರು ತೊಳೆಯುತ್ತಿದ್ದಾಗ ಫೋನು ಬಂತು. ಜಿತೇಂದ್ರ, ಸ್ಪೇನಿನಿಂದ, ವಿಡಿಯೋದಲ್ಲಿ. ಹಿಂದೆ ದೊಡ್ಡ ಪ್ರಯೋಗಾಲಯ, ಬಿಳಿ ಬಿಳಿ ಯಂತ್ರಗಳು. ಹೇಗಿದ್ದಿ, ಉಮ್ಮ ಹೇಗಿದ್ದಾರೆ ಎಂದೆಲ್ಲ ವಿಚಾರಿಸಿದ. ಇಲ್ಲಿಯ ಊಟಕ್ಕೆ ಖಾರವೇ ಇಲ್ಲ ಎಂದು ಗೋಳಾಡಿದ. ಆಮೇಲೆ ವಿಷಯಕ್ಕೆ ಬಂದ. ಮುಂದಿನ ವಾರ ಅವನದ್ದೊಂದು ಸೆಮಿನಾರ್ ಇದೆಯಂತೆ. ಒಂದೇ ಗುಡ್ಡದಲ್ಲಿ ಒಂದು ಸುರಂಗ ಬತ್ತುತ್ತದೆ, ಇನ್ನೊಂದು ಬತ್ತುವುದಿಲ್ಲ, ಯಾಕೆ ಎಂದು ಎಲ್ಲರೂ ಕೇಳುತ್ತಾರಂತೆ. ಅವನಿಗೆ ಹೇಳಲಿಕ್ಕೆ ಗೊತ್ತಾಗುತ್ತಿಲ್ಲವಂತೆ.

“ನೀನೇ ವಿಡಿಯೋದಲ್ಲಿ ಒಂದು ಹತ್ತು ನಿಮಿಷ ಬಂದು ಹೇಳ್ತಿಯಾ ಮಾರಾಯ್ತಿ? ಮೇಡಂ ಕೂಡ ಇರ್ತಾರೆ. ನಮ್ಮ ಫೀಲ್ಡ್ ಅಸಿಸ್ಟೆಂಟ್ ಅಂತ ಪರಿಚಯ ಮಾಡ್ಸ್ತೇನೆ, ಹೆಸರೂ ಹಾಕ್ತೇನೆ.”

ಅವನ ಮುಖದಲ್ಲಿ ಅದೇ ಸಲೀಸುತನ. ಈಗಲೂ ಅರ್ಥವಾಗಿರಲಿಲ್ಲ. ನನ್ನ ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, ನಾನೂ ಅಷ್ಟೇ ಸಿಹಿಯಾಗಿ ಹೇಳಿದೆ.

“ಧಾರಾಳ ಬರ್ತೇನೆ ಜಿತೇಂದ್ರ. ಎಂತ ಅಡುಗೆ ಮಾಡಿ ತರ್ಬೇಕು ಅಂತ ಮೇಡಂ ಹತ್ತಿರ ಒಮ್ಮೆ ಕೇಳಿ ಹೇಳು.”